ಸಮಾನ್ ಸ್ಟಾಪ್

ನಾಲ್ಕೂವರೆಗೆ ಡಬಲ್ಸ್ ಗಾಡಿ ತಳ್ಳಿಕೊಂಡು ಬಂದೆ, ದಿನದ ಹಾಗೆ,
ಬಾರಾ ಹಿಟ್ಟಿನ ಬಕೆಟ್ಟು, ಕಡಲೆಯ ಪಾತ್ರೆ, ಖಾರದ ಬಾಟಲಿ.
ಜಂಕ್ಷನ್ನಿನ ಮೇಲೆ ಆಕಾಶ ಇತ್ತು.
ಅಲ್ಲಿ ಆಕಾಶ ಇರಬಾರದು.
ಇಪ್ಪತ್ತಾರು ವರ್ಷದಲ್ಲಿ ಅಲ್ಲಿ ನಾನು ನಕ್ಷತ್ರ ಕಂಡವಳಲ್ಲ.

ದಾರಿ ತಪ್ಪಿದೆ ಅಂದುಕೊಂಡೆ.
ಆಮೇಲೆ ಚಪ್ಪಲಿಯ ಕೆಳಗೆ ಮರದ ಪುಡಿ, ಒದ್ದೆ, ಮೆತ್ತಗೆ,
ಮದುವೆಮನೆಯಲ್ಲಿ ಚೆಲ್ಲಿದ ಅಕ್ಕಿ ತುಳಿದ ಹಾಗೆ.
ರಾತ್ರಿ ಸದ್ದು ಕೇಳಿತ್ತು ನನಗೆ.
ಯಾರದೋ ಜನರೇಟರ್ ಎಂದು ಮಗ್ಗುಲು ಬದಲಿಸಿದ್ದೆ.

ಪೆತಿ ಸವಾನ್‌ನ ಸಮಾನ್ ಮರ.
ಟ್ರಿನಿಡಾಡಿನ ನಕ್ಷೆಯಲ್ಲಿ ನಮ್ಮೂರು ನೊಣ ಕೂತೆದ್ದ ಗುರುತು;
ಮರ ಇದ್ದದ್ದಕ್ಕೆ ಅದಕ್ಕೊಂದು ಸ್ಟಾಪು.
ಸಂಜೆ ಆರಕ್ಕೆ ಎಲೆ ಮಡಚುತ್ತಿತ್ತು,
ಹಳೇ ಅಂಗಡಿಯವನು ಬಾಗಿಲ ಹಲಗೆ ಜೋಡಿಸುವಂತೆ, ಒಂದೊಂದೇ.
ಮಳೆಗೂ ಮಡಚುತ್ತಿತ್ತು.
ಬೇಕಾದ ಹೊತ್ತಿಗೇ ಕೊಡೆ ಮುಚ್ಚುವ ಮೂರ್ಖ ಎಂದು ಬೈದಿದ್ದೇನೆ,
ಎಣ್ಣೆಗೆ ಹನಿ ಬಿದ್ದು ಸಿಡಿದಾಗೆಲ್ಲ.
ಅದಕ್ಕೀಗ ಯಾರ ಹತ್ತಿರ ತಪ್ಪಾಯಿತು ಅನ್ನಲಿ.

ಆಜಿ ಹೇಳುತ್ತಿದ್ದಳು: ಹಡಗಿನಲ್ಲಿ ಬಂದ ನಮ್ಮವರ ಮಾತಿನಲ್ಲಿ
ಸಮಾನ ಅಂದರೆ ಎಲ್ಲರಿಗೂ ಒಂದೇ. ಅದಕ್ಕೇ ಆ ಹೆಸರು.
ಶಾಲೆಯ ಮೇಷ್ಟ್ರು ನಕ್ಕಿದ್ದರು. ಅದು ಬೇರೆ ಪದವಂತೆ,
ಬೇರೆ ಜನರದಂತೆ, ನಾವು ಬರುವ ಮೊದಲಿನವರದು.
ಇರಲಿ. ನೆರಳಿಗೆ ಕೂತವರು ಯಾರೂ ನಿಘಂಟು ತಂದಿರಲಿಲ್ಲ.

ಏಳಕ್ಕೆ ಜನ. ಎಂಟಕ್ಕೆ ಟೀವಿಯ ವ್ಯಾನು.
ಮರ್ಲ್ ಟಾಂಟಿ ಕಪ್ಪು ಟೋಪಿ ಹಾಕಿಕೊಂಡೇ ಬಂದಳು,
ಸಾವಿಗೆಂದು ಇಟ್ಟದ್ದು;
ಬಿದ್ದ ಕಾಂಡದ ಮೇಲೆ ಕೂತವಳು ಏಳಲೊಲ್ಲಳು.
ಮ್ಯಾಕ್ಸಿ ಟ್ಯಾಕ್ಸಿಯವರು ಒಂದು ನಿಮಿಷ ಹಾರ್ನ್ ಒತ್ತಿ ಹಿಡಿದರು,
ಯಾರೂ ಹೇಳಿಕೊಡದೆ.
ಉಸ್ಮಾನಲಿ ಗುಲಾಬಿ ಬಣ್ಣದ ಒಂದು ಹೂಕುಚ್ಚು ಹೆಕ್ಕಿ
ಜೇಬಿಗೆ ಹಾಕಿಕೊಂಡ, ಕದ್ದವನ ಹಾಗೆ.
ಹುಡುಗರು ರಟ್ಟಿನ ಮೇಲೆ ಬರೆದರು: ಕೊಲೆ.
ಕೌನ್ಸಿಲರ್ ಬಂದ, ಬಿಳಿ ಶೂ, "ಒಳಗೆ ಟೊಳ್ಳಾಗಿತ್ತು" ಅಂದ.
ಕೊಯ್ದ ಮುಖ ಅವನ ಎದುರಿಗೇ ಇತ್ತು,
ಎಂಟು ಜನ ಸುತ್ತ ಕೂತು ಉಣ್ಣುವಷ್ಟು ಅಗಲ, ಒಂದು ಹುಳದ ತೂತಿಲ್ಲ.
ಹೊಸ ಔಷಧಿ ಅಂಗಡಿಯ ಬೋರ್ಡು ಮಾತ್ರ
ಇವತ್ತೇ ಮೊದಲ ಸಲ ಪೂರ್ತಿ ಕಾಣುತ್ತಿತ್ತು, ಹಲ್ಲು ಕಿಸಿದುಕೊಂಡು.
ಒಂದು ಕಲ್ಲು ಹೋಯಿತು ಅದರ ಗಾಜಿಗೆ.
ಎಸೆದದ್ದು ನಾನಲ್ಲ.
ನಾನಿನ್ನೂ ಕಲ್ಲು ಹುಡುಕುತ್ತಿದ್ದೆ.

ಕಡಿದವನ್ಯಾರು, ಕಡಿದವನ್ಯಾರು ಎಂದು ಕೂಗು.
ಅವನ ಕೈ ಕತ್ತರಿಸಬೇಕು, ಅಂದಳು ಮರ್ಲ್ ಟಾಂಟಿ,
ಇರುವೆಯನ್ನೂ ದಾಟಿ ನಡೆಯುವವಳು.

ಈಗ ಇದನ್ನು ಹೇಳಬೇಕು.
ಐದೂಕಾಲಿಗೆ, ಯಾರೂ ಬರುವ ಮೊದಲು,
ಕೆರ್ವಿನ್ ಬಂದಿದ್ದ. ದಿನದ ಗಿರಾಕಿ.
"ಎರಡು. ಖಾರ ಕಮ್ಮಿ."
ಕಿವಿಯ ಮಡಿಕೆಯಲ್ಲಿ ಮರದ ಪುಡಿ.
ಕೈ ಇನ್ನೂ ಯಂತ್ರ ಹಿಡಿದಂತೆ ನಡುಗಿ ಕಡಲೆ ಅಂಗಿಗೆ ಚೆಲ್ಲಿತು.
ಕೂಸಾಗಿದ್ದಾಗ ಇದೇ ಬೇರಿನ ಸಂದಿಯಲ್ಲಿ ಅವನನ್ನು ಮಲಗಿಸಿ
ಅವನ ಅಮ್ಮ ಕೆಲಸಕ್ಕೆ ಹೋಗುತ್ತಿದ್ದಳು;
ನೊಣ ಓಡಿಸಿದವಳು ನಾನು.
"ಕಾಗದಕ್ಕೆ ಸಹಿ ಇತ್ತು, ಸುಮಿಂತ್ರಾ ಟಾಂಟಿ," ಅಂದ, ನಾನು ಕೇಳದೆಯೇ.
"ಕತ್ತಲಲ್ಲಿ ಯಾವ ಮರ ಅಂತ..." ಅಂದು ನಿಲ್ಲಿಸಿದ.
ಸುಳ್ಳು ಹೇಳಲಿಕ್ಕೂ ಬರುವುದಿಲ್ಲ ಅವನಿಗೆ.
ನೂರರ ನೋಟು ಕೊಟ್ಟ, ಹೊಸದು, ಇನ್ನೂ ಮಡಿಕೆ ಬೀಳದ್ದು.
ಚಿಲ್ಲರೆ ಎಣಿಸುವುದರೊಳಗೆ ಹೋಗಿಬಿಟ್ಟ.

ಮೈಕು ನನ್ನ ಮುಖಕ್ಕೂ ಬಂತು.
"ನೀವು ಬೆಳಗಿನ ಜಾವದಿಂದ ಇಲ್ಲೇ ಇರುತ್ತೀರಲ್ಲ, ಏನಾದರೂ ಕಂಡಿರಾ?"
"ಖಾರ ಹಾಕಲಾ?" ಅಂದೆ.

ಮ್ಯಾಕ್ಸಿ ಈಗಲೂ ನಿಲ್ಲುತ್ತದೆ. "ಸಮಾನ್! ಸಮಾನ್ ಇಳಿಯೋರು!"
ಇಳಿಯುತ್ತಾರೆ, ಬೇರು ತಪ್ಪಿಸಿ ಎಡಕ್ಕೆ ಕಾಲಿಡುತ್ತಾರೆ,
ಬಿಸಿಲು ತಲೆಗೆ ಬಡಿದ ಮೇಲೆ ನೆನಪಾಗುತ್ತದೆ.

ಕೆರ್ವಿನ್ ಮತ್ತೆ ಬಂದಿಲ್ಲ.
ಕರವಸ್ತ್ರದ ತುದಿಯಲ್ಲಿ ಗಂಟು ಹಾಕಿ ಇಟ್ಟಿದ್ದೇನೆ.
ಅವನಿಗೆ ಚಿಲ್ಲರೆ ಕೊಡುವುದಿದೆ.